ಕಂಬಳಿ ಹೊದ್ದ ಕಂಪ್ಯೂಟರ್

ನಮ್ಮ ಭಾವನ ಕಿವಿ ಸಾಮಾನ್ಯದ್ದಲ್ಲ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದಷ್ಟು ಕಾಲವೂ ರಿಸೀವರ್‌ನಲ್ಲಿ ಗರಗರ ಸದ್ದು ಕೇಳಿದರೆ ಸಾಕು, ತಂತಿ ಎಲ್ಲಿ ಸಡಿಲವಾಗಿದೆ, ಎಲ್ಲಿ ನೀರು ಹೊಕ್ಕಿದೆ ಎಂದು ಕಂಬ ಹತ್ತುವ ಮೊದಲೇ ಹೇಳಿಬಿಡುತ್ತಿದ್ದರು. ಅಂಥ ಕಿವಿಗೆ ಸ್ವಂತ ಹೆಂಡತಿಯಾದ ನನ್ನಕ್ಕನ ಮಾತು ಮಾತ್ರ ಕೇಳಿಸಲಿಲ್ಲ. ಅದೇ ನನ್ನ ಹೊಟ್ಟೆಯುರಿ.

ನಿವೃತ್ತಿಯಾದ ಮೇಲೆ ಅವರಿಗೆ ಲಿನಕ್ಸ್ ಹುಚ್ಚು ಹಿಡಿಯಿತು; ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ವ್ಯವಸ್ಥೆಯಂತೆ ಅದು. ಯಾವುದೋ ಆಫೀಸಿನವರು ಮೂಲೆಗೆಸೆದಿದ್ದ ಕಂಪ್ಯೂಟರ್ ತಂದು, ಒರೆಸಿ, ಅದರಲ್ಲಿ ಲಿನಕ್ಸ್ ಹಾಕಿಕೊಂಡರು. ಸ್ಕೂಟರಿನ ಮುಂದೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರ ಅಂಟಿಸಿದರು. ಬೀದಿಯ ಮಕ್ಕಳ ಬಾಯಲ್ಲಿ ಪೆಂಗ್ವಿನ್ ತಾತ ಆದರು. ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲೇ ಉಪದೇಶ ಶುರು: "ಇದಕ್ಕೆ ವೈರಸ್ ಹತ್ತಲ್ಲ, ದುಡ್ಡೂ ಕೊಡಬೇಕಾಗಿಲ್ಲ, ಯಾರಪ್ಪನ ಅಪ್ಪಣೆಯೂ ಬೇಕಾಗಿಲ್ಲ. ಕೆಟ್ಟರೆ ನಾವೇ ಬಿಚ್ಚಿ ನೋಡ್ಬಹುದು." ಬಂದವರು ನೀರು ಕುಡಿಯದೆಯೇ ಎದ್ದದ್ದೂ ಉಂಟು.

ಅಕ್ಕ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಅವಳು ಕಥೆ ಹೇಳತೊಡಗಿದರೆ ಮೂಗು ಒರೆಸಿಕೊಳ್ಳುವುದನ್ನೂ ಮರೆತು ಮಕ್ಕಳು ಕೂರುತ್ತಿದ್ದವು. ಬಸ್ಸು ತಪ್ಪಿಸಿಕೊಂಡ ಆಮೆ, ಚಪ್ಪಲಿ ಕಳೆದುಕೊಂಡ ಆನೆ, ಎಲ್ಲ ಅವಳೇ ಕಟ್ಟಿದ್ದು. ಒಂದೂ ಎಲ್ಲೂ ಬರೆದಿಟ್ಟಿರಲಿಲ್ಲ. ಅಂಥವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕು, ಆದರೆ ಆಮೇಲೆ ದನಿ ಉಳಿಯುವುದು ಕಷ್ಟ ಎಂದರು ಡಾಕ್ಟರು. ಅದೇ ಹೊತ್ತಿಗೆ ಅವಳ ಒಬ್ಬಳೇ ಮಗಳು ಬಸುರಿ.

ಅಕ್ಕ ಅಳಲಿಲ್ಲ. ಮನೆಗೆ ಬಂದವಳೇ, "ರೀ, ಮಗು ಬರೋ ಹೊತ್ತಿಗೆ ಅಜ್ಜಿಗೆ ದನಿ ಇರಲ್ಲ. ಕಥೆನೆಲ್ಲ ಈಗ್ಲೇ ಹೇಳಿಟ್ಬಿಡ್ತೀನಿ, ನಿಮ್ಮ ಕಂಪ್ಯೂಟರ್ ರೆಡಿ ಮಾಡಿ" ಎಂದಳು. ಭಾವ ಚಿಕ್ಕ ಕೋಣೆಯಲ್ಲಿ ಮೈಕು ಕಟ್ಟಿದರು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಸುರಿಸುತ್ತಾ ಅಕ್ಕ ದಿನಕ್ಕೊಂದು ಕಥೆ ಹೇಳತೊಡಗಿದಳು.

ಆ ಕಂಪ್ಯೂಟರೋ, ಎಬ್ಬಿಸಿದರೆ ಏಳದ ಕುಂಭಕರ್ಣ. ಗುಂಡಿ ಒತ್ತಿದರೆ ಬಾಣದ ಗುರುತು ಸುತ್ತುತ್ತಲೇ ಇರುತ್ತಿತ್ತು, ರೆಕಾರ್ಡಿಂಗ್ ಶುರುವಾಗುವಷ್ಟರಲ್ಲಿ ಆಮೆ ಅರ್ಧ ದಾರಿ ಹೋಗಿರುತ್ತಿತ್ತು. ಭಾವ ಸೊಂಟ ಕಟ್ಟಿ ನಿಂತರು. ಕಪ್ಪು ಪರದೆ ತೆರೆದು ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ನೋಡಿದರು. ಬೇಡದ್ದನ್ನೆಲ್ಲ ನಿಲ್ಲಿಸಿದರು. ಹಗುರವಾದ ಡೆಸ್ಕ್‌ಟಾಪ್ ಪ್ರೋಗ್ರಾಂ ಹಾಕಿದರು. ಪೇಂಟ್ ಬ್ರಷ್ಷಿನಿಂದ ಫ್ಯಾನಿನ ಧೂಳು ಗುಡಿಸಿದರು. ಇನ್ನೊಂದು ರ‍್ಯಾಮ್ ಎಂಬ ಮೆಮೊರಿ ತುಂಡು ತಂದು ಸಿಕ್ಕಿಸಿದರು. ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು.

"ವಿಚಿತ್ರ ನೋಡಮ್ಮ," ಎಂದರು ನನಗೆ, "ಪ್ರೊಸೆಸರ್ ಸುಮ್ನೆ ಕೂತಿದೆ, ಕೆಲಸಾನೇ ಇಲ್ಲ ಅದಕ್ಕೆ. ಆದ್ರೂ ಯಾರಿಗೋ ಕಾಯ್ತಿದೆ."

ಅದು ಕಾಯುತ್ತಿದ್ದದ್ದು ಅಕ್ಕನ ಕಥೆಗಳೆಲ್ಲ ಕೂತಿದ್ದ ಹಾರ್ಡ್ ಡಿಸ್ಕಿಗೆ. ಡಿಸ್ಕು ಕೊನೆಯುಸಿರು ಎಳೆಯುತ್ತಿತ್ತು. ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ಕೆಂಪು ಸಾಲುಗಳೂ ಬರುತ್ತಿದ್ದವಂತೆ. ಕೇಬಲ್ ಸಡಿಲ ಇರಬೇಕೆಂದು ಭಾವ ಕೇಬಲ್ ಬದಲಿಸಿದರು. ಲೈನ್‌ಮನ್ ಬುದ್ಧಿ, ಎಲ್ಲ ತಪ್ಪೂ ತಂತಿಯದೇ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅಕ್ಕನಿಗೆ ಮಾತ್ರ ಸದ್ದು ಕೇಳಿಸಿತು. ಕಂಪ್ಯೂಟರ್ ಪೆಟ್ಟಿಗೆಯ ಒಳಗಿಂದ ಟಕ್ ಟಕ್. ಗಂಡನಿಗೆ ಹೇಳಿ ಹೇಳಿ ಸೋತು, ಫೋನನ್ನು ಪೆಟ್ಟಿಗೆಯ ಪಕ್ಕ ಹಿಡಿದು ಆ ಸದ್ದನ್ನು ರೆಕಾರ್ಡ್ ಮಾಡಿ ನನಗೆ ಕಳಿಸಿದಳು, ನೀನಾದರೂ ಹೇಳೇ ಎಂದು. ನಾನು ಹೋಗಿ, "ಭಾವ, ಒಳಗೆ ಏನೋ ಬಡ್ಕೋತಿದೆ, ನೋಡಬಾರದಾ?" ಎಂದೆ.

"ಅಯ್ಯೋ, ರೆಕಾರ್ಡಿಂಗಲ್ಲಿ ಸದ್ದು ಬರ್ತಿದೆ ತಾನೇ? ಅದಕ್ಕೊಂದು ವ್ಯವಸ್ಥೆ ಮಾಡ್ತೀನಿ ಬಿಡು" ಎಂದರು.

ಮಾಡಿದರು ಮಹಾರಾಯರು. ಡಿಸ್ಕಿನ ಸುತ್ತ ರಬ್ಬರ್ ತುಂಡು ತುರುಕಿದರು. ಪೆಟ್ಟಿಗೆಯನ್ನು ಮೇಜಿನ ಕೆಳಗಿಳಿಸಿ ಹಳೆಯ ಕಂಬಳಿ ಹೊದಿಸಿದರು. ಆಮೇಲೆ ಅಕ್ಕನನ್ನು ಕರೆದು, "ಈಗ ಕೇಳು, ಒಂದು ಚೂರು ಸದ್ದಿದ್ರೆ ನನ್ನ ಕಿವಿ ಕತ್ತರಿಸು!" ಎಂದು ಎದೆಯುಬ್ಬಿಸಿ ನಿಂತರು. ನಿಜಕ್ಕೂ ಸದ್ದಿರಲಿಲ್ಲ. ಅಕ್ಕ ನಕ್ಕಳು. ನಾನೂ ನಕ್ಕೆ.

ಆಸ್ಪತ್ರೆಗೆ ಹೋಗುವ ದಿನ ಚಪ್ಪಲಿ ಮೆಟ್ಟುತ್ತಾ ಅಕ್ಕ ಕೇಳಿದಳು, "ಕಥೆಗಳನ್ನ ಇನ್ನೊಂದು ಕಡೆ ಕಾಪಿ ಮಾಡಿಟ್ಟಿದ್ದೀರಾ?"

"ಈ ನಿಧಾನದಲ್ಲಿ ಕಾಪಿಗೆ ಕೂತ್ರೆ ಆಪರೇಷನ್ ಮುಗಿದ್ರೂ ಇದು ಮುಗಿಯಲ್ಲ. ಮೊದ್ಲು ಸರಿ ಮಾಡ್ತೀನಿ, ಆಮೇಲೆ ಎಲ್ಲ ಒಟ್ಟಿಗೆ. ನೀನು ಬರೋಷ್ಟರಲ್ಲಿ ಕುದುರೆ ಥರ ಓಡುತ್ತೆ ನೋಡ್ತಿರು."

ಇಡೀ ಡಿಸ್ಕನ್ನು ಮೂಲೆಮೂಲೆ ಪರೀಕ್ಷಿಸುವ ಪ್ರೋಗ್ರಾಂ ಓಡಿಸಿ, ಬಾಗಿಲಿಗೆ ಬೀಗ ಹಾಕಿ ಹೊರಟರು. ಸಾಯುತ್ತಿರುವವನನ್ನು ಎಬ್ಬಿಸಿ ಓಡಿಸಿದ ಹಾಗೆ. ಉಸಿರಾಡಲು ಜಾಗವಿಲ್ಲದ ಕಂಬಳಿಯ ಕೆಳಗೆ ಆ ಡಿಸ್ಕು ಕಾದು, ಕೆರೆದುಕೊಂಡು, ನಿಂತೇಹೋಯಿತು. ಅಕ್ಕನ ಬಟ್ಟೆ ತರಲು ಮನೆಗೆ ಬಂದ ಭಾವ ನೋಡಿದಾಗ ಪರದೆಯ ಮೇಲೆ ಡಿಸ್ಕೇ ಇಲ್ಲ ಎಂಬ ಒಂದು ಸಾಲು. ರಿಪೇರಿ ಅಂಗಡಿಯವನು ಬಿಚ್ಚಿ ನೋಡಿ, "ಒಳಗಿನ ತಟ್ಟೆನೇ ಗೀಚಿಹೋಗಿದೆ ಸಾರ್, ಏನೂ ಬರಲ್ಲ. ಸದ್ದು ಬರ್ತಿರ್ಲಿಲ್ವಾ?" ಎಂದನಂತೆ.

ಅತ್ತ ಆಪರೇಷನ್ ಚೆನ್ನಾಗಿ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಭಾವ ಮಂಚದ ಪಕ್ಕ ಕೂತು ಅವಳಿಗೆ ಎಲ್ಲ ಹೇಳಿದರು. ಅಕ್ಕ ಅವರ ಕೈ ತಟ್ಟಿ ಮಗ್ಗುಲಾದಳು. ಹೊರಗಿನ ಬೆಂಚಿನಲ್ಲಿ ಭಾವ ನನ್ನ ಮುಂದೆ ಮಗುವಿನಂತೆ ಅತ್ತರು. "ಬೈದಿದ್ರೆ ತಡ್ಕೋತಿದ್ದೆ ಕಣಮ್ಮ. ಬೈಯೋಕೂ ದನಿ ಉಳಿಸಲಿಲ್ಲವಲ್ಲ ಆ ದೇವರು." ಬಾಯಿಗೆ ಬಂದಂತೆ ಬೈಯಬೇಕೆಂದೇ ಹೋಗಿದ್ದ ನಾನು ಅವರಿಗೆ ಕಾಫಿ ತಂದುಕೊಟ್ಟೆ.

ಮೊಮ್ಮಗಳು ಹುಟ್ಟಿದಳು. ಬಾಣಂತಿ ಮಗಳು ಮನೆಗೆ ಬಂದಿದ್ದಾಗ, ಅಮ್ಮನ ದನಿ ಯಾರ ಹತ್ತಿರವಾದರೂ ಇದೆಯಾ ಎಂದು ಕೇಳಿದಳು. ಆಗ ನನಗೆ ಅಕ್ಕ ಕಳಿಸಿದ್ದು, ಫೋನಿನಲ್ಲೇ ಉಳಿದಿದ್ದ ಆ ದೂರು ನೆನಪಾಯಿತು. ನಡುಮನೆಯಲ್ಲಿ ಹಾಕಿದೆ. ಮೊದಲು ಟಕ್ ಟಕ್. ಹಿಂದೆಯೇ ಅಕ್ಕನ ತುಂಬು ದನಿ: "ಇದನ್ನ ಕೇಳೇ. ದಿನಾ ಹೀಗೇ ಟಕ್ ಟಕ್ ಅಂತಿದೆ. ಹೇಳಿದ್ರೆ ಈ ಮನುಷ್ಯ ಕಿವಿಗೇ ಹಾಕ್ಕೊಳಲ್ಲ. ರೀ, ಕೇಳಿಸ್ತಿದ್ಯಾ? ರೀ!"

ಅಷ್ಟೇ. ಆಮೆಯೂ ಇಲ್ಲ, ಆನೆಯೂ ಇಲ್ಲ. ಅಕ್ಕನ ದನಿ ಎಂದು ಉಳಿದದ್ದು ಅದೊಂದೇ. ಭಾವ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಹಾಕಿದರು. ಅದು "ಕೇಳಿಸ್ತಿದ್ಯಾ?" ಎಂದಾಗಲೆಲ್ಲ "ಹೂಂ ಕಣೆ, ಹೂಂ" ಎನ್ನುತ್ತಿದ್ದರು.

ಒಳಗಿನ ಕೋಣೆಯಿಂದ ಸದ್ದು ಬಂತು. ದನಿ ಹೋದಂದಿನಿಂದ ಅಕ್ಕ ಗಂಡನನ್ನು ಕರೆಯುವುದು ಮೇಜು ತಟ್ಟಿ. ಟಕ್ ಟಕ್. ಎರಡನೆಯದು ಮುಗಿಯುವ ಮೊದಲೇ ಭಾವ ಫೋನನ್ನು ಅಲ್ಲೇ ಬಿಟ್ಟು, "ಬಂದೆ, ಬಂದೆ" ಎನ್ನುತ್ತಾ ಒಳಗೆ ಓಡಿದರು.