ನೇಪಾಳದ ರೂಪಾಯಿ, ಭೂತಾನಿನ ಗುಲ್ಟ್ರಮ್ ಮತ್ತು ಒಂದು ನೇರ ಗೆರೆ

ಗೆಳೆಯರೇ, ನೇಪಾಳದ ರೂಪಾಯಿಗೂ ಭೂತಾನಿನ ಗುಲ್ಟ್ರಮ್‌ಗೂ ನಡುವಿನ ವಿನಿಮಯ ದರ ಕಳೆದ ಹತ್ತು ವರ್ಷಗಳಲ್ಲಿ ಹೇಗೆ ಸಾಗಿತೆಂಬುದರ ಕುರಿತ ನನ್ನ ಸೆಮಿನಾರ್ ಇಂದು ವಿಜಯನಗರದ ನಮ್ಮ ಕಾಲೇಜಿನಲ್ಲಿ ನಡೆಯಿತು. ಪೂರ್ತಿ ಅಂಕ ಬಂದರೆ ಮಾತ್ರ ತರಗತಿಯ ಮೊದಲ ಸ್ಥಾನ ನನಗೇ ಉಳಿಯುತ್ತಿತ್ತು.

ನನ್ನ ಗ್ರಾಫನ್ನು ಕಂಡ ಅರ್ಥಶಾಸ್ತ್ರದ ಮೇಷ್ಟ್ರು ಕನ್ನಡಕ ತೆಗೆದರು. “ಏನಮ್ಮ, ಅಂಕಿ ಅಂಶ ಸಿಗ್ಲಿಲ್ಲ ಅಂತ ಸ್ಕೇಲ್ ಇಟ್ಟು ಗೆರೆ ಎಳ್ಕೊಂಡು ಬಂದ್ಬಿಟ್ಯಾ?”

ಹಿಂದಿನ ಬೆಂಚಿನಿಂದ ಗೆಳತಿ ಶೋಭಾ, “ಇದು ಇಸಿಜಿ ಆಗಿದ್ರೆ ಪೇಷೆಂಟ್ ಹೋಗ್ಬಿಟ್ಟ ಕಣೇ” ಎಂದಳು.

“ಇಲ್ಲ ಸಾರ್, ದರ ಅಲ್ಲಾಡೇ ಇಲ್ಲ. ಎರಡೂ ದೇಶದವ್ರು ತಮ್ಮ ದುಡ್ಡನ್ನ ನಮ್ಮ ರೂಪಾಯಿಗೆ ಕಟ್ಟಿಹಾಕಿದಾರೆ. ಒಂದು ಗುಲ್ಟ್ರಮ್‌ಗೆ ಹತ್ತು ವರ್ಷಾನೂ ನೇಪಾಳದ ಒಂದು ರೂಪಾಯಿ ಅರವತ್ತು ಪೈಸೆನೇ.”

ಮೇಷ್ಟ್ರಿಗೆ ಕುತೂಹಲ ಹುಟ್ಟಿತು. “ಅಂದ್ರೆ ಅವೆರಡಕ್ಕೂ ನೇರ ಮಾತುಕತೆನೇ ಇಲ್ಲ?”

“ಇಲ್ಲ ಸಾರ್, ಎಲ್ಲಾ ನಮ್ಮ ಮೂಲಕಾನೇ.”

ಅವರು ಮೆಚ್ಚಿ ತಲೆಯಾಡಿಸಿದರು. ಮೆಚ್ಚಿದ ಮೇಲೂ ಒಂದು ಅಂಕ ಕಳೆದರು. “ಗ್ರಾಫಿನ ಗೆರೆ ಪೆನ್ಸಿಲ್ಲಲ್ಲಿ ಎಳೀಬೇಕು ಕಣಮ್ಮ, ಪೆನ್ನಲ್ಲಲ್ಲ.”

ಮೊದಲ ಸ್ಥಾನ ಹೋಯಿತು. ಎರಡು ದೇಶಗಳು ಇಷ್ಟು ವರ್ಷ ತಿದ್ದದೆ ಉಳಿಸಿಕೊಂಡ ದರವನ್ನು ನಾನು ಮಾತ್ರ ಅಳಿಸಲು ಬರುವಂತೆ ಬರೆಯಬೇಕಿತ್ತಂತೆ.