ಸನ್ಮತಿಗೊಂದು ಸೀಟು

ಸಾಗರದಿಂದ ಹೊಸನಗರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ತ್ರಿಶಲಾ ಲ್ಯಾಪ್‌ಟಾಪಿನ ಬ್ಯಾಗನ್ನು ಎದೆಗವಚಿಕೊಂಡು ಕೂತಿದ್ದಳು. ಮೈದುನನ ಲ್ಯಾಪ್‌ಟಾಪು. ಅದಕ್ಕೋಸ್ಕರವೇ ಹಿಂದಿನ ದಿನ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಸಾಗರದ ಗಂಡನ ಮನೆಗೆ ಹೋಗಿದ್ದಳು. ಡ್ರೈವರ್ರಿಗೇನು ಅವಸರ? ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲಿಸುವುದು, ಒಬ್ಬರ ಹಾಲಿನ ಕ್ಯಾನು ಇಳಿಸುವುದು, ಇನ್ನೊಬ್ಬರ ಮಗಳ ಮದುವೆ ಎಲ್ಲಿಗೆ ಬಂತು ಅಂತ ವಿಚಾರಿಸುವುದು.

"ಮಾರಾಯ್ರೇ, ಸ್ವಲ್ಪ ಬೇಗ ಬಿಡಿ!" ಎಂದು ಕೂಗಿದಳು.

"ಇದು ಬಸ್ಸು ಕಣಮ್ಮ, ವಿಮಾನ ಅಲ್ಲ," ಅಂದ ಕಂಡಕ್ಟರ್ ಚಂದ್ರಯ್ಯ. ಬಸ್ಸಿನವರೆಲ್ಲ ನಕ್ಕರು. ತ್ರಿಶಲಾಗೆ ನಗು ಬರಲಿಲ್ಲ.

ಹನ್ನೊಂದೂವರೆಗೆ ಮಗಳು ಸನ್ಮತಿಗೆ ಇಂಟರ್‌ವ್ಯೂ ಇತ್ತು. ಏಳು ವರ್ಷದ ಕೂಸಿಗೆ ಎಂತ ಇಂಟರ್‌ವ್ಯೂ ಅಂತ ನಗಬೇಡಿ. ಜೋಗದಲ್ಲಿ ಕಂಟ್ರಾಕ್ಟ್ ಮೇಲೆ ಟರ್ಬೈನ್ ರಿಪೇರಿ ಮಾಡ್ತಿದ್ದ ಗಂಡ ಜಿನೇಶನಿಗೆ ಜರ್ಮನಿಯ ಟರ್ಬೈನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ ಎರಡು ವರ್ಷವಾಗಿತ್ತು. ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹಾಕಿದರು. ಕೂಸು ಒಂದು ವರ್ಷ ತುಟಿ ಪಿಟಕ್ ಅನ್ನಲಿಲ್ಲ. ಆಟಕ್ಕೂ ಇಲ್ಲ, ಪಾಠಕ್ಕೂ ಇಲ್ಲ. ಮನೆಯಲ್ಲಿ ಗೋಡೆ ಜೊತೆ ಮೂರು ಭಾಷೆಯಲ್ಲಿ ಜಗಳ ಆಡುವ ಹುಡುಗಿ ಶಾಲೆಯ ಬಾಗಿಲು ದಾಟಿದ ಕೂಡಲೇ ಕಲ್ಲು. ಕೊನೆಗೆ ಶಾಲೆಯವರು ಕರೆಸಿ, ಇವಳನ್ನು ನಿಧಾನವಾಗಿ ಕಲಿಯುವ ಮಕ್ಕಳ ಬೇರೆ ಶಾಲೆಗೆ ಕಳಿಸುವುದು ಒಳ್ಳೆಯದು ಅಂದರು. ಆವತ್ತು ತ್ರಿಶಲಾ ಬಸ್‌ಸ್ಟಾಪಿನಲ್ಲಿ ನಿಂತು, ಯಾರು ನೋಡಿದರೂ ನೋಡಲಿ ಅಂತ ಅತ್ತಳು.

ಹಾಗಾಗಿ ಶಾಲೆ ಹುಡುಕುವ ಕೆಲಸ ಶುರುವಾಯ್ತು. ಜಿನೇಶ ಬರೀ ಇಂಗ್ಲಿಷಿನ ಇಂಟರ್‌ನ್ಯಾಷನಲ್ ಸ್ಕೂಲ್ ಸಾಕು ಅಂದ. "ಅಲ್ಲಿ ಕಲಿತರೆ ಪಕ್ಕದ ಮನೆ ಹುಡುಗಿ ಜೊತೆ ಆಡಕ್ಕಾಗಲ್ಲ. ಬರೀ ಜರ್ಮನ್ ಕಲಿತರೆ ನಾಳೆ ಊರಿಗೆ ವಾಪಸ್ ಹೋದಾಗ ನಾಯಿಪಾಡು," ಅಂತ ಇವಳು ಹಠ ಹಿಡಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಗಂಡ ಹೆಂಡತಿ ಎರಡು ತಿಂಗಳು ಕಿತ್ತಾಡಿದರು. ಕೊನೆಗೆ ಗೆದ್ದವಳು ಇವಳೇ. ಅರ್ಧ ದಿನ ಇಂಗ್ಲಿಷು, ಅರ್ಧ ದಿನ ಜರ್ಮನ್ ಕಲಿಸುವ ಖಾಸಗಿ ಶಾಲೆ ಆ ಊರಿಗೆಲ್ಲ ಒಂದೇ. ಅಲ್ಲಿ ಒಂದೇ ಒಂದು ಸೀಟು ಖಾಲಿಯಾಗಿತ್ತು. ಶಾಲೆ ತೆರೆಯುವ ಮುಂಚೆ ಮಗುವನ್ನು ಮಾತಾಡಿಸಿ ನೋಡುತ್ತೇವೆ, ರಜೆಗೆ ಊರಿಗೆ ಹೋಗಿದ್ದರೂ ಪರವಾಗಿಲ್ಲ, ವಿಡಿಯೋದಲ್ಲಿ ಬನ್ನಿ ಅಂದಿದ್ದರು. ಇಲ್ಲಿ ಬಾಯಿ ಬಿಟ್ಟರೆ ಆ ಶಾಲೆ. ಬಿಡದಿದ್ದರೆ ನಿಧಾನದವರ ಶಾಲೆ.

ತ್ರಿಶಲಾಗೆ ಈ ಬಾಯಿ ಕಟ್ಟುವ ಸಂಕಟ ಗೊತ್ತಿಲ್ಲದ್ದೇನಲ್ಲ. ತೀರ್ಥಹಳ್ಳಿಯಲ್ಲಿ ಪಿಯುಸಿ ಓದುವಾಗ ಇಂಗ್ಲಿಷ್ ಲೆಕ್ಚರರ್ ಎಬ್ಬಿಸಿ ನಿಲ್ಲಿಸಿದರೆ ಅವಳ ಗಂಟಲು ಒಣಗಿ ಹೋಗ್ತಿತ್ತು. ಫೇಲಾದಳು. ಆಮೇಲೆ ಹೊಸನಗರದ ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟು ಆರು ವರ್ಷ ರವಿಕೆ ಹೊಲಿದಳು. ಅಳತೆ ತೆಗೆಯುತ್ತಾ ಊರಿನ ಹೆಂಗಸರ ಜೊತೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದವಳು, ಜರ್ಮನಿಗೆ ಹೋದಮೇಲೆ ಸಂಜೆ ಕ್ಲಾಸಿಗೆ ಸೇರಿ ಎಲ್ಲ ಅರ್ಥವಾಗುವಷ್ಟು ಕಲಿತರೂ ಅಂಗಡಿಯಲ್ಲಿ ಬೆರಳು ತೋರಿಸಿಯೇ ಸಾಮಾನು ತರುತ್ತಿದ್ದಳು.

ಮನೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಸನ್ಮತಿ ತಲೆಗೆ ಸ್ನಾನ ಮಾಡಿ, ಜರಿಲಂಗ ಹಾಕಿಕೊಂಡು, ಅಜ್ಜಿ ಪಕ್ಕ ಚಾಪೆ ಮೇಲೆ ಕಾಲು ಮಡಚಿ ಕೂತಿದ್ದಳು.

"ಬಾ ಕೂಸೇ, ಬೇಗ. ನಿನ್ನ ಹೆಸರೇನು ಅಂತ ಕೇಳಿದ್ರೆ ಎಂತ ಹೇಳ್ತೀಯ?"

ಕೂಸು ಸುಮ್ಮನೆ ನೋಡಿತು.

"ಹೇಳೇ!"

ಇಲ್ಲ. ತ್ರಿಶಲಾಗೆ ಜೀವ ಬಾಯಿಗೆ ಬಂತು. ಮತ್ತೆ ಶುರುವಾಯ್ತಾ? ಇಲ್ಲಿಗೆ ಬಂದ ಮೂರು ವಾರದಲ್ಲಿ ಗಿಳಿ ಹಾಗೆ ಉಲಿಯುತ್ತಿತ್ತಲ್ಲ! "ಅಮ್ಮಾ, ಎಂತ ಆಗಿದ್ಯೇ ಇದಕ್ಕೆ?" ಎಂದು ತಾಯಿ ಜ್ವಾಲಾಮಾಲಿನಿಯ ಕಡೆ ತಿರುಗಿದಳು. ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವ ಮುದುಕಿಯೂ ಮಾತಾಡಲಿಲ್ಲ! ಎದೆಯ ಮೇಲೆ ಕೈ ಇಟ್ಟು, ಬಸದಿಯ ದಿಕ್ಕಿಗೆ ತೋರಿಸಿ, ಆಮೇಲೆ ಗೋಡೆ ಗಡಿಯಾರದ ಹನ್ನೆರಡರತ್ತ ಬೆರಳು ಮಾಡಿದಳು.

ದಶಲಕ್ಷಣ ಪರ್ವದ ದಿನಗಳು. ಜೈನರ ಮನೆಯಲ್ಲಿ ಒಬ್ಬರು ಉಪವಾಸ, ಒಬ್ಬರು ಒಪ್ಪೊತ್ತು, ಒಬ್ಬರು ಮೌನ. ಅಜ್ಜಿ ಮೊಮ್ಮಗಳು ಬೆಳಿಗ್ಗೆ ಬಸದಿಯಲ್ಲಿ ದೇವರೆದುರು ಕೈಮುಗಿದು, ಮಧ್ಯಾಹ್ನ ಹನ್ನೆರಡರವರೆಗೆ ಮಾತಾಡಲ್ಲ ಅಂತ ವ್ರತ ತೊಟ್ಟು ಬಂದಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವರಿಗೆ ಇಂಟರ್‌ವ್ಯೂ ಇರಲಿಲ್ಲ ಬಿಡಿ.

"ಅಯ್ಯೋ ಅಮ್ಮಾ! ಇವತ್ತು ಫೋನ್ ಬರ್ತದೆ ಅಂತ ಹೇಳಿದ್ನಲ್ಲ ನಾನು! ಅಲ್ಲಿ ಬೆಳಿಗ್ಗೆ ಎಂಟಕ್ಕೆ ಅಂತ!" ತ್ರಿಶಲಾ ಅಲ್ಲೇ ಕುಸಿದು ಕೂತಳು. "ಮಗಳ ಬಾಳು ಹಾಳು ಮಾಡಿದೆಯಲ್ಲೇ!"

ಜ್ವಾಲಾಮಾಲಿನಿಯ ಮುಖ ಬಿಳಿಚಿತು. ಅಳಿಯ ಭಾನುವಾರ ಬೆಳಿಗ್ಗೆ ತಡವಾಗಿ ಎದ್ದು ಮಾಡುವ ಫೋನು ಇಲ್ಲಿಗೆ ಯಾವಾಗಲೂ ಊಟ ಆದಮೇಲೆ ಬರುತ್ತಿತ್ತು. ಅಲ್ಲಿಯ ಬೆಳಿಗ್ಗೆ ಅಂದರೆ ಇಲ್ಲಿಯ ಊಟ ಮುಗಿದಮೇಲೆ ಅಂತಲೇ ಅವಳ ಲೆಕ್ಕ. ಅಷ್ಟರಲ್ಲಿ, ಬಂದ ಕೂಡಲೇ ತೆರೆದಿಟ್ಟಿದ್ದ ಲ್ಯಾಪ್‌ಟಾಪು ಗುಣುಗುಟ್ಟಿತು. ಪರದೆಯ ಮೇಲೆ ಬಿಳಿಕೂದಲಿನ ಹೆಡ್ ಮೇಡಂ ಬಂದು ಮೊದಲು ಜರ್ಮನಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, "ನಮಸ್ಕಾರ ಸನ್ಮತಿ, ಚೆನ್ನಾಗಿದೀಯಾ?" ಎಂದರು.

ಸನ್ಮತಿ ನಕ್ಕಳು. ಮಾತಿಲ್ಲ. ಮೇಡಂ ಎದುರಿಗಿದ್ದ ಹಾಳೆ ಮೇಲೆ ಏನೋ ಗೀಚಿಕೊಂಡರು.

ಜ್ವಾಲಾಮಾಲಿನಿಗೆ ತಡೆಯಲಾಗಲಿಲ್ಲ. "ಮಗೂ, ನನ್ನ ವ್ರತ ಮುರೀತು ನೋಡು, ನಾ ಮಾತಾಡಿದೆ," ಅಂದಳು ಅಳುತ್ತಾ. "ಪ್ರಾಯಶ್ಚಿತ್ತ ಮಾಡ್ಕೊಂಡ್ರಾಯ್ತು. ನೀನೂ ಮಾತಾಡು ಚಿನ್ನ. ಪಾಪ ಎಲ್ಲ ನಂಗೇ ಬರ್ಲಿ."

ಸನ್ಮತಿ ಅಜ್ಜಿಯನ್ನೇ ಬೆರಗಾಗಿ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು. ಇಲ್ಲ.

"ಮಾತಾಡ್ತೀಯೋ ಇಲ್ವೋ!" ತ್ರಿಶಲಾ ಮಗಳ ತೋಳು ಚಿವುಟಿದಳು. ಕೂಸಿನ ಕಣ್ಣು ತುಂಬಿ ನೀರು ಲಂಗದ ಮೇಲೆ ಬಿತ್ತು. ತುಟಿ ಮಾತ್ರ ಬಿಚ್ಚಲಿಲ್ಲ. ಏಳು ವರ್ಷದ್ದಕ್ಕೆ ಎಷ್ಟು ಪೊಗರು! ತ್ರಿಶಲಾ ಕೈ ಎತ್ತಿದಳು.

ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಎತ್ತಿದ ಕೈ ಕಾಣಿಸಿತು. ಅವಳದೇ ಕೈ. ಮೇಡಂ ಪೆನ್ನು ಕೆಳಗಿಟ್ಟು ಅದನ್ನೇ ನೋಡುತ್ತಿದ್ದರು.

ಕೈ ತಾನಾಗಿ ಕೆಳಗಿಳಿಯಿತು. ನಾಚಿಕೆಯಿಂದ ಅವಳ ಕಿವಿ ಸುಟ್ಟುಹೋಗುತ್ತಿತ್ತು. ಮೇಡಂ ಕರೆ ಮುಗಿಸಲು ಮುಂದೆ ಬಾಗಿದಂತೆ ಕಂಡಿತು. ಈಗ ಬಾಯಿ ಬಿಡದಿದ್ದರೆ ಇನ್ನು ಯಾವಾಗ?

"ನಿಲ್ಲಿ," ಅಂದಳು ತ್ರಿಶಲಾ, ಜರ್ಮನಿನಲ್ಲಿ. "ನನ್ನ ಮಗಳು ಮೂಗಿ ಅಲ್ಲ. ಇವತ್ತು ನಮ್ಮ ದೊಡ್ಡ ದಿನ. ದೇವರಿಗೆ ಹೇಳಿದಾಳೆ, ಇಲ್ಲಿಯ ಹನ್ನೆರಡರವರೆಗೆ ಮಾತಿಲ್ಲ. ನಾನು ಹೊಡೆಯಕ್ಕೆ ಹೋದೆ. ತಪ್ಪು ನಂದು. ಹನ್ನೆರಡಾದ ಮೇಲೆ ಕೇಳಿ. ಎಷ್ಟು ಬೇಕಾದ್ರೂ ಕೇಳಿ."

ಒಂದೊಂದು ಪದವೂ ಕಾಲು ಮುರಿದುಕೊಂಡು ಹೊರಬಂತು. ವ್ಯಾಕರಣದ ಮೇಷ್ಟ್ರು ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮೇಡಂ ಗಡಿಯಾರ ನೋಡಿದರು. ಆಮೇಲೆ, "ಬೇರೆ ಮಗು ಕಾಯ್ತಾ ಇದೆ. ಅದನ್ನು ಮುಗಿಸಿ ಬರ್ತೀನಿ," ಎಂದು ಮಾಯವಾದರು.

ಬರುತ್ತಾರೋ ಇಲ್ಲವೋ? ಆ ಬೇರೆ ಮಗು ಬಾಯಿ ತುಂಬ ಮಾತಾಡಿ ಸೀಟು ಹೊಡೆದುಕೊಂಡರೆ? ಮೂವರೂ ಖಾಲಿ ಪರದೆಯ ಎದುರು ಕೂತರು. ತ್ರಿಶಲಾ ಮಗಳ ತೋಳಿನ ಕೆಂಪು ಗುರುತನ್ನು ಸವರಿದಳು. ಸನ್ಮತಿ ತೋಳು ಎಳೆದುಕೊಂಡಳು.

ಹನ್ನೆರಡು ಹೊಡೆಯಿತು. ಸನ್ಮತಿ ಕಣ್ಣುಮುಚ್ಚಿ, ಒಂದಕ್ಷರ ಬಿಡದೆ, ನಿಧಾನವಾಗಿ ಣಮೋಕಾರ ಮಂತ್ರ ಹೇಳಿ ಮುಗಿಸಿದಳು. ಇನ್ನೂ ಪರದೆ ಖಾಲಿ. ಜ್ವಾಲಾಮಾಲಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಮೇಡಂ ಬಂದರು.

ಆಮೇಲೆ ಕೂಸನ್ನು ಹಿಡಿಯುವವರೇ ಇಲ್ಲ. ಜರ್ಮನಿನಲ್ಲಿ ಕೇಳಿದ್ದಕ್ಕೆ ಜರ್ಮನಿನಲ್ಲಿ, ಇಂಗ್ಲಿಷಿಗೆ ಇಂಗ್ಲಿಷಿನಲ್ಲಿ, ಅಜ್ಜಿಯ ಒಪ್ಪೊತ್ತು, ಪಕ್ಕದ ಮನೆ ಕರು, ಬಸದಿಯ ಗಂಟೆ, ಎಲ್ಲ ಹೇಳಿದಳು. ಮೇಡಂ ನಗುತ್ತಾ ಕೊನೆಗೆ ಕೇಳಿದರು, "ಹಳೆ ಶಾಲೆಯಲ್ಲೂ ವ್ರತವೇ ಇತ್ತಾ ನಿಂದು?"

"ಇಲ್ಲ."

"ಮತ್ತೆ ಅಲ್ಲಿ ಯಾಕೆ ಮಾತಾಡಲಿಲ್ಲ?"

ಸನ್ಮತಿ ಯೋಚಿಸಿದಳು. ತುಂಬಾ ಹೊತ್ತು. 'ಅವಳಿಗೆ ನಾಚಿಕೆ' ಅನ್ನುವ ಮಾತು ತ್ರಿಶಲಾಳ ನಾಲಿಗೆ ತುದಿಗೆ ಬಂತು. ಮೇಡಂ ಬೆರಳೆತ್ತಿ ತಡೆದರು.

"ನಾನು ಮಾತು ಜೋಡಿಸೋದ್ರೊಳಗೆ ಟೀಚರ್ ಮುಂದಿನವರ ಹತ್ರ ಹೋಗಿಬಿಡ್ತಿದ್ರು," ಅಂದಳು ಸನ್ಮತಿ, ಜರ್ಮನಿನಲ್ಲಿ. "ಯಾರೂ ಕಾಯ್ತಿರಲಿಲ್ಲ. ಅಮ್ಮನೂ ಕಾಯಲ್ಲ. ಅಜ್ಜಿ ಫೋನ್ ಮಾಡಿದ್ರೂ ನನ್ನ ಬದಲು ಅಮ್ಮನೇ ಹೇಳಿಬಿಡ್ತಾಳೆ."

ಶಾಲೆ ತೆರೆಯುವ ದಿನ ಬನ್ನಿ, ಸೀಟು ಇವಳದೇ ಎಂದು ಹೇಳಿ ಮೇಡಂ ಹೋದರು. ತ್ರಿಶಲಾ ಕೂತಲ್ಲೇ ಬಿಕ್ಕಿದಳು.

ಜ್ವಾಲಾಮಾಲಿನಿಗೆ ಗಾಬರಿಯಾಯ್ತು. "ಸೀಟು ಇಲ್ಲ ಅಂದ್ರೇನೇ?"

"ಸಿಕ್ತಮ್ಮ."

"ಮತ್ತ್ಯಾಕೆ ಅಳ್ತೀಯ ಹುಚ್ಚಿ? ಎಂತ ಅಂದ್ಲು ಇವ್ಳು ಕೊನೆಗೆ?"

ತ್ರಿಶಲಾ ಹೇಳಲು ಬಾಯಿ ತೆರೆದಳು. ಮುಚ್ಚಿದಳು. ಮಗಳ ಕಡೆ ತಿರುಗಿ, "ನೀನೇ ಹೇಳು ಅಜ್ಜಿಗೆ," ಅಂದು, ಕಾಯುತ್ತಾ ಕೂತಳು.