ಅತ್ತೆ ಸಾಕಿದ ಉಪ್ಪುನೀರಿನ ಮೀನು

ಯಾರಾದರೂ ತೆಳ್ಳಗಾದರು ಎಂದು ಕೇಳಿದರೆ ನನಗೆ ಮೊದಲು ಹೊಟ್ಟೆಕಿಚ್ಚಾಗುತ್ತದೆ, ಕನಿಕರ ಬರುವುದು ಆಮೇಲೆ. ನನ್ನ ಮೈಕಟ್ಟು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಹೊಟ್ಟೆಕಿಚ್ಚಿಲ್ಲದೆ ನೇರವಾಗಿ ಕನಿಕರವೇ ಹುಟ್ಟಿದ್ದು ಒಮ್ಮೆ ಮಾತ್ರ, ಅದೂ ಒಂದು ಮೀನಿನ ಮೇಲೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾವಾಗ ರಾಮದುರ್ಗದಲ್ಲಿದ್ದೆವು. ನಮ್ಮ ಮನೆಯವರ ಗೆಳೆಯ ನಾಯಕರು ಕಾರವಾರಕ್ಕೆ ವರ್ಗವಾಗಿ ಹೋಗುವಾಗ ತಾವು ಸಾಕಿದ ಸಮುದ್ರದ ಮೀನನ್ನು ಗಾಜಿನ ತೊಟ್ಟಿ ಸಮೇತ ನಮ್ಮಲ್ಲಿ ಬಿಟ್ಟರು. ನೀರಿಗೆ ಬೆರೆಸುವ ಉಪ್ಪಿನ ಚೀಲವನ್ನೂ ಕೊಟ್ಟರು. ಸಮುದ್ರದ ದಂಡೆಗೆ ಹೊರಟವರು ಸಮುದ್ರದ ಮೀನನ್ನು ಮಲಪ್ರಭೆಯ ದಂಡೆಯಲ್ಲಿ ಬಿಟ್ಟುಹೋದ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ಪಫರ್ ಎಂದು ಅದರ ಜಾತಿ. ಹೆದರಿದರೆ ನೀರು ಕುಡಿದು ಚೆಂಡಿನಂತೆ ಉಬ್ಬುತ್ತದೆ. ದೊಡ್ಡ ಕಣ್ಣು, ದುಂಡು ಹೊಟ್ಟೆ, ಏನೋ ಹೇಳಲು ಬಂದು ಮರೆತಂಥ ಬಾಯಿ. ನಮ್ಮ ಅತ್ತೆ ಅದಕ್ಕೆ 'ಗೌಡ್ರು' ಎಂದು ಹೆಸರಿಟ್ಟರು.

ಅತ್ತೆಯದು ಬೈಲಹೊಂಗಲದ ತವರು. ಕೊರಳಲ್ಲಿ ಲಿಂಗ, ಪೂಜೆಯಾಗದೆ ಚಹಾ ಕೂಡ ಇಲ್ಲ. ತತ್ತಿ ಎಂಬ ಶಬ್ದವನ್ನೂ ಅಡುಗೆಮನೆಯಲ್ಲಿ ಆಡಗೊಡದವರು. ಮೀನು ನೋಡಲು ಚಂದವೆಂದು ಒಪ್ಪಿದ್ದರು, ಒಣಮೀನಿನ ಪುಡಿಯಿಂದ ಮಾಡಿದ ಅದರ ತಿನಿಸಿನ ಕಾಳಿನ ಡಬ್ಬಿ ಮಾತ್ರ ಹಿತ್ತಲಲ್ಲೇ ಇರಬೇಕಿತ್ತು.

ಕೆಲವು ತಿಂಗಳು ಕಳೆದ ಮೇಲೆ ಗೌಡ್ರ ಹೊಟ್ಟೆ ಒಳಗೆ ಸೇರತೊಡಗಿತು. ಕಾಳು ಬಾಯಿಗೆ ಹಾಕಿಕೊಳ್ಳುವುದು, ಉಗುಳುವುದು, ಮತ್ತೆ ನಮ್ಮನ್ನೇ ನೋಡುವುದು. "ಯಾರದೋ ಕಣ್ಣ ಬಿದ್ದೈತಿ" ಎಂದು ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಉಪ್ಪಿನಲ್ಲೇ ಹುಟ್ಟಿ ಬೆಳೆದ ಜೀವಕ್ಕೆ ಉಪ್ಪು ನಿವಾಳಿಸಿದರೆ ಏನಾದೀತು? ಕೆಮ್ಮು ಬಂದದ್ದು ನಮಗೆ.

ಕೊನೆಗೆ ನಾಯಕರಿಗೆ ಫೋನ್ ಮಾಡಿದೆವು. "ಹಲ್ಲು ಬೆಳೆದಿರಬೇಕು, ಬಾಯಿ ನೋಡಿ" ಎಂದರು ಅವರು. ಈ ಮೀನಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದಂತೆ. ಚಿಪ್ಪಿರುವುದನ್ನು ಕಡಿಕಡಿದು ಸವೆಸಬೇಕು. ನಾವು ಮೆತ್ತಗಿನದನ್ನೇ ತಿನ್ನಿಸಿ ಮುದ್ದು ಮಾಡಿದ್ದೆವು. ಈಗ ಹಲ್ಲು ಕತ್ತರಿಸಿ, ಆಮೇಲೆ ಬಸವನಹುಳು, ಏಡಿ ಕೊಡಬೇಕು ಎಂದರು.

"ಬಸವನಹುಳ?" ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ತಲೆಯ ಮೇಲಿನ ಎರಡು ಕೋಡು ನೋಡಿ ಯಾರೋ ಪುಣ್ಯಾತ್ಮರು ಆ ಹುಳಕ್ಕೆ ಎತ್ತಿನ ಹೆಸರಿಟ್ಟರು, ಅದರ ಫಲ ನಮ್ಮ ಮನೆಯಲ್ಲಿ ಕಂಡಿತು. "ಬಸವಣ್ಣನ ಹೆಸರ ಇಟಗೊಂಡದ್ದನ್ನ ಸಾಯಾಕ ಕೊಡೂದು ನನ್ನ ಕೈಲೆ ಆಗೂದಿಲ್ಲವಾ."

"ಹಂಗಾರ ಕಾರವಾರಕ್ಕ ಕಳಿಸೂಣ್ರಿ ಅತ್ತೀ," ಎಂದೆ.

"ದಾರ್ಯಾಗ ಉಳದೀತ?"

ಅತ್ತೆ ದೇವರ ಮನೆಗೆ ಹೋದರು. ಅಂದಿನ ಪೂಜೆ ಎಂದಿಗಿಂತ ಉದ್ದವಾಯಿತು. ಹೊರಗೆ ಬಂದು ಮಗನಿಗೆ ಹೇಳಿದರು, "ಏಡಿ ತರಸು. ಮನಿಗೆ ಬಂದ ಜೀವಾನ ಉಪವಾಸ ಕೆಡವಿ ಸಾಯಸೂದು ಇನ್ನೂ ದೊಡ್ಡ ಪಾಪ. ಅದರ ಊಟ ಅದಕ್ಕ, ನಮ್ಮ ಊಟ ನಮಗ."

ಮೊದಲು ಹಲ್ಲಿನ ಕೆಲಸ. ತೊಟ್ಟಿಯದೇ ನೀರನ್ನು ಬೋಗುಣಿಗೆ ತುಂಬಿ ಮೀನನ್ನು ಅದಕ್ಕೆ ಬಿಟ್ಟೆವು. ನಾನು ಮುಟ್ಟಿದ ಕೂಡಲೇ ಗೌಡ್ರು ಉಬ್ಬಿದರು, ನಾನು ಚೀರಿ ಕೈ ತೆಗೆದೆ. ಉಗುರು ಕತ್ತರಿಸುವ ಕಟರ್ ಹಿಡಿದ ನಮ್ಮ ಮನೆಯವರೂ ಒಂದು ಹೆಜ್ಜೆ ಹಿಂದೆ ಸರಿದರು. "ಸರೀರಿ ಅತ್ಲಾಗ" ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಕುಳಿತರು. ಹುಟ್ಟಿದಾಗಿನಿಂದ ಮೀನು ಮುಟ್ಟದ ಆ ಕೈಗಳು ಒದ್ದೆ ಅರಿವೆಯಲ್ಲಿ ಅದನ್ನು ನೀರೊಳಗೇ ಹಿಡಿದವು. "ಸಿಟ್ಟಾಗಬ್ಯಾಡೋ ಯಪ್ಪಾ, ಮುಗೀತ, ಮುಗೀತ." ಕೂಸಿನ ಉಗುರು ತೆಗೆಯುವಾಗಿನ ಅದೇ ದನಿ. ನಮ್ಮ ಮನೆಯವರ ಕಟರ್ ಮೆಲ್ಲಗೆ ಹಲ್ಲಿನ ತುದಿ ತೆಗೆಯಿತು.

ಆ ದಿನ ಅದು ಏನೂ ತಿನ್ನಲಿಲ್ಲ. ಅತ್ತೆಯ ತಾಟಿನಲ್ಲೂ ರೊಟ್ಟಿ ಹಾಗೇ ಉಳಿಯಿತು. ಮರುದಿನ ಅವರು ಏಡಿಯ ಕಾಲೊಂದನ್ನು ದಾರಕ್ಕೆ ಕಟ್ಟಿ, ಮುಖ ಆ ಕಡೆ ತಿರುಗಿಸಿಕೊಂಡು ನೀರಿಗೆ ಇಳಿಬಿಟ್ಟರು. ಮೀನು ಬಂತು, ನೋಡಿತು, ಹಿಂದೆ ಸರಿಯಿತು, ಮತ್ತೆ ಬಂತು. 'ಕಟ್' ಎಂದು ಸದ್ದಾಯಿತು.

"ಕಡೀತ?" ಮುಖ ತಿರುಗಿಸಿಕೊಂಡೇ ಕೇಳಿದರು.

"ಕಡೀತ್ರಿ ಅತ್ತೀ!"

ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಎದ್ದು ಹೋಗಿ ತಲೆ ಮೇಲೆ ನೀರು ಹಾಕಿಕೊಂಡು, ಎರಡನೆಯ ಸಲ ಪೂಜೆ ಮಾಡಿ ಊಟಕ್ಕೆ ಕುಳಿತರು. ಮುಂದೆಯೂ ಅದೇ ರೂಢಿಯಾಯಿತು. ಅವರು ಮಡಿಯನ್ನೂ ಬಿಡಲಿಲ್ಲ, ಮೀನನ್ನೂ ಬಿಡಲಿಲ್ಲ. ಎರಡರಲ್ಲಿ ಒಂದನ್ನು ಬಿಡುವುದು ಸುಲಭ, ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಎರಡನ್ನೂ ಹೊತ್ತುಕೊಂಡು ನಡೆಯಲು ಎದೆ ಬೇಕು.

ಗೌಡ್ರ ಹೊಟ್ಟೆ ಮತ್ತೆ ದುಂಡಗಾಗುವಷ್ಟರಲ್ಲಿ ಸುದ್ದಿ ಅತ್ತೆಯ ತವರಿನ ಕಡೆಯ ನೇಸರಗಿ ಮುಟ್ಟಿತ್ತು. ಅಲ್ಲಿನ ನಂಟರ ಹೆಣ್ಣುಮಗಳೊಬ್ಬರು ಬಂದು, ಚಹಾ ಕುಡಿಯುತ್ತಲೇ ಮಾತು ತೆಗೆದರು. "ಚಿಗವ್ವಾ, ನಿಮ್ಮ ಮನ್ಯಾಗ ಏಡಿ ತರತಾರಂತಲ್ಲ?"

"ಹೌದವಾ, ತರತೇವಿ," ಎಂದರು ಅತ್ತೆ. "ತಿನ್ನಾವ್ರು ಒಳಗ ಅದಾರ. ಹೋಗಿ ಮಾತಾಡಿಸಿ ಬಾ."

ಮುಖ ಬಿಗಿದುಕೊಂಡು ಒಳಗೆ ಹೋದವರು ಬಹಳ ಹೊತ್ತಾದರೂ ಬರಲಿಲ್ಲ. ನಾನು ಇಣುಕಿ ನೋಡಿದೆ. ಗಾಜಿಗೆ ಮೂಗು ಹಚ್ಚಿ ಕುಳಿತಿದ್ದರು. ನನ್ನನ್ನು ಕಂಡು ಮೆಲ್ಲಗೆ ಕೇಳಿದರು, "ಯವ್ವಾ, ಇವತ್ತ ಇದು ಹೊಟ್ಟಿತುಂಬ ಉಂಡೈತಿಲ್ಲ?"